ಅವ್ವನ ಬಿಪಿ, ಮಗನ ಮೊಬೈಲು

ಆಧಾರ್ ಮಾಡಿಸುವಾಗ ಯಾರ ಮೊಬೈಲ್ ನಂಬರ್ ಕೊಟ್ಟಿದ್ದಿರಿ ಎಂದು ಜಮಖಂಡಿ, ಮುಧೋಳ ಕಡೆಯ ಹಿರಿಯರನ್ನು ಕೇಳಿ ನೋಡಿ. "ಸಣ್ಣ ಮಗಂದು" ಅನ್ನುತ್ತಾರೆ. ಇಲ್ಲವೇ "ಅಳಿಯಂದು". ಇನ್ನು ಕೆಲವರು "ಅಂಗಡಿ ಹುಡುಗ ಏನ್ ಹಾಕ್ಯಾನೋ ಯಾರಿಗ್ಗೊತ್ತರಿ" ಎಂದು ನಕ್ಕು ಸುಮ್ಮನಾಗುತ್ತಾರೆ. ಆ ಸಣ್ಣ ಮಗ ಇವತ್ತು ಪುಣೆಯಲ್ಲೋ ಇಚಲಕರಂಜಿಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿರುತ್ತಾನೆ. ನಂಬರೂ ಅವನ ಜೇಬಿನಲ್ಲಿ ಅಲ್ಲಿಗೇ ಹೋಗಿದೆ.

ಇತ್ತ ಊರಲ್ಲಿ ತಾಯಿ ಆರೋಗ್ಯ ಕಾರ್ಡು ಮಾಡಿಸಲೆಂದು ಸೇವಾ ಕೇಂದ್ರದ ಕುರ್ಚಿಯಲ್ಲಿ ಕೂತಿದ್ದಾಳೆ. ಹುಡುಗ ಆಧಾರ್ ನಂಬರ್ ಹೊಡೆದ. ಓಟಿಪಿ ಹೋಯಿತು, ಪುಣೆಗೆ. ಪಕ್ಕದವರ ಫೋನಿನಿಂದ ಮಗನಿಗೆ ಕರೆ. "ಯಪ್ಪಾ, ಒಂದು ನಂಬರ್ ಬಂದೈತೇನು ನೋಡೋ." "ಗಾಡಿ ಮ್ಯಾಲೆ ಅದೀನಿ ಅವ್ವಾ, ಆಮ್ಯಾಲೆ ಹೇಳತೀನಿ." ಆಮೇಲೆ ಹೇಳುವಷ್ಟರಲ್ಲಿ ಓಟಿಪಿಯ ಗಡುವು ತೀರಿರುತ್ತದೆ. "ಯವ್ವಾ, ಟೈಮ್ ಆತು, ಮತ್ತ ಕಳಸಬೇಕು" ಎಂದು ಹುಡುಗ ಹೇಳುತ್ತಾನೆ. ಮತ್ತೆ ಕಳಿಸುವಾಗ ಸರ್ವರ್ ಡೌನ್. ಬಸ್ಸಿನ ಹೊತ್ತಾಯಿತು, ನಾಳೆ ಬರುತ್ತೇನೆಂದು ಆಕೆ ಎದ್ದಳು.

ವಯಸ್ಸಾದವರಿಗೆ ಡಿಜಿಟಲ್ ಆರೋಗ್ಯ ಸೇವೆ ಯಾಕೆ ಸರಿಯಾಗಿ ಮುಟ್ಟುತ್ತಿಲ್ಲ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ, 'ಅವರಿಗೆ ಫೋನ್ ಬಳಸಲು ಬರುವುದಿಲ್ಲ, ತರಬೇತಿ ಕೊಡಬೇಕು' ಎಂಬುದು. ತರಬೇತಿ ಕೊಡಲಿ, ಬೇಡ ಅನ್ನುವವರಾರು? ಆದರೆ ಮೇಲಿನ ಪ್ರಸಂಗದಲ್ಲಿ ತಾಯಿಗೆ ಏನನ್ನು ಕಲಿಸಿದ್ದರೆ ಕೆಲಸ ಆಗುತ್ತಿತ್ತು? ಏನನ್ನೂ ಅಲ್ಲ. ಒಬ್ಬ ಮನುಷ್ಯ, ಅವನಿಗೊಂದು ಫೋನು, ಆ ಫೋನು ಸದಾ ಅವನ ಕೈಯಲ್ಲೇ ಎಂಬ ಲೆಕ್ಕದಲ್ಲಿ ಕಟ್ಟಿದ ವ್ಯವಸ್ಥೆ ಇದು. ನಮ್ಮ ಕಡೆ ಫೋನು ಮನೆಯ ಸೊತ್ತು. ಅದರಲ್ಲೂ ಮನೆಯ ಗಂಡು ಮಕ್ಕಳ ಸೊತ್ತು. ಈ ತಪ್ಪು ಲೆಕ್ಕವನ್ನು ತಿದ್ದದೆ ಅಕ್ಷರ ದೊಡ್ಡದು ಮಾಡಿ, ಬಣ್ಣ ಬದಲಿಸಿ ಪ್ರಯೋಜನ ಅಷ್ಟಕ್ಕಷ್ಟೇ.

ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಮತ್ತು ಉತ್ತರ ಭಾಗದ ಈ ಊರುಗಳನ್ನೇ ತೆಗೆದುಕೊಳ್ಳೋಣ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ 68.8; ಹೆಣ್ಣುಮಕ್ಕಳಲ್ಲಿ ಶೇ 58 ಚಿಲ್ಲರೆ. ಇದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ. ಎಪ್ಪತ್ತು ದಾಟಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಓದಬಲ್ಲರು ಎಂಬುದನ್ನು ಊಹಿಸಿಕೊಳ್ಳಬಹುದು. ಹಾಗಂತ ಇವರು ಅಂಕಿ ತಿಳಿಯದವರಲ್ಲ. ನೋಟು ಎಣಿಸುತ್ತಾರೆ, ಕಬ್ಬಿನ ತೂಕದ ಚೀಟಿ ನೋಡುತ್ತಾರೆ, ನೇಯ್ದ ಸೀರೆಯ ಲೆಕ್ಕ ಇಡುತ್ತಾರೆ. ಬಿಪಿ ಯಂತ್ರದ ಮೇಲೆ 160/100 ಎಂದು ಬಂದರೆ 'ಜಾಸ್ತಿ ಆಗೇತಿ' ಎಂದು ಅವರಿಗೆ ಗೊತ್ತಾಗುತ್ತದೆ. ಒಂದೇ ಗುಂಡಿ, ದೊಡ್ಡ ಅಂಕಿ, ಪಾಸ್‌ವರ್ಡ್ ಇಲ್ಲ. ಹಿರಿಯರ ಮಟ್ಟಿಗೆ ಈವರೆಗೆ ಬಂದ ಡಿಜಿಟಲ್ ಸಾಧನಗಳಲ್ಲಿ ಮನೆಯ ಬಿಪಿ ಯಂತ್ರವೇ ಹೆಚ್ಚು ಗೌರವಸ್ಥ ಎಂದು ನನಗೆ ಅನಿಸುತ್ತದೆ. (ಒಂದು ಮಾತು: ನಡೆದು ಬಂದು ಕೂತ ಕೂಡಲೇ ಪಟ್ಟಿ ಕಟ್ಟಬಾರದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ ಕೂರಿಸಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು, ಮಾತು ಆಡಬಾರದು. ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿಗೆ ಕಟ್ಟುವುದೇ ವಾಸಿ.)

ಇನ್ನು ದುಡಿಮೆ ದೇಹದ ಮೇಲೆ ಬಿಟ್ಟ ಗುರುತುಗಳನ್ನು ನೋಡಬೇಕು. ರಬಕವಿ, ಬನಹಟ್ಟಿ, ರಾಮಪುರ, ಹೊಸೂರು ಸೇರಿದ ನಗರಸಭೆಯ ಗಲ್ಲಿಗಳಲ್ಲಿ ನಡೆದರೆ ವಿದ್ಯುತ್ ಮಗ್ಗದ ಸದ್ದು ಬೆನ್ನು ಹತ್ತುತ್ತದೆ. ಶೆಡ್ಡಿನ ಒಳಗೆ ಆ ಸದ್ದು 90 ಡೆಸಿಬಲ್ ಮುಟ್ಟುವುದು ದೊಡ್ಡ ಮಾತಲ್ಲ. ಮೂವತ್ತು ನಲವತ್ತು ವರ್ಷ ಅದರೊಳಗೇ ದುಡಿದವರಿಗೆ ವಯಸ್ಸಿನ ಕಿವುಡಿನ ಜೊತೆ ಮಗ್ಗದ ಕಿವುಡೂ ಸೇರಿರುತ್ತದೆ. ಮೊದಲು ಕೇಳದಾಗುವುದು ಮೇಲಿನ ಸ್ಥಾಯಿಯ ಸದ್ದುಗಳು. ಸ, ಶ, ತ ಇಂಥ ವ್ಯಂಜನಗಳು ಒಂದಕ್ಕೊಂದು ಕಲಸಿಕೊಳ್ಳುತ್ತವೆ. ಇಂಥವರು ಸಹಾಯವಾಣಿಗೆ ಕರೆ ಮಾಡಿದರೆ ಧ್ವನಿಮುದ್ರಿತ ಹೆಣ್ಣುದನಿ ಒಂದು ಒತ್ತಿ, ಎರಡು ಒತ್ತಿ ಎಂದು ಸರಸರ ಹೇಳುತ್ತ ಹೋಗುತ್ತದೆ. ಸ್ಮಾರ್ಟ್‌ಫೋನಿನಲ್ಲಿ ಒತ್ತಬೇಕೆಂದರೆ ಫೋನನ್ನು ಕಿವಿಯಿಂದ ತೆಗೆಯಬೇಕು, ಕಪ್ಪಾದ ಪರದೆ ಬೆಳಗಬೇಕು, ಅಂಕಿಯ ಫಲಕ ತೆರೆಯಬೇಕು. ಅಷ್ಟರಲ್ಲಿ ದನಿ ಮುಂದಿನ ಆಯ್ಕೆಗೆ ಹೋಗಿರುತ್ತದೆ. ಕೇಳುವ ಕೆಲಸ, ಒತ್ತುವ ಕೆಲಸ ಎರಡನ್ನೂ ಒಂದೇ ಹೊತ್ತಿಗೆ ಕೇಳುವ ಈ ಪದ್ಧತಿಯನ್ನು ರೂಪಿಸಿದವರು ಕೀಲಿಮಣೆಯ ಫೋನಿನ ಕಾಲದವರು. ಎಷ್ಟೋ ಕಡೆ ಅದೇ ಇನ್ನೂ ನಡೆದಿದೆ.

ಬೆರಳುಗಳ ಕಥೆ ಬೇರೆ. ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿನ ಹೊಲದಲ್ಲಿ ಕುಡಗೋಲು ಹಿಡಿದ ಕೈ, ನೂಲಿನ ಎಳೆ ಹಿಡಿದು ಸವೆದ ಕೈ. ಬೆರಳಚ್ಚಿನ ಗೆರೆಗಳೇ ಮಾಸಿರುತ್ತವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಒರೆಸಿ, ಮತ್ತೊಂದು ಬೆರಳು ಒತ್ತಿ ದಣಿದವರು ಎಲ್ಲ ಊರಲ್ಲೂ ಇದ್ದಾರೆ. ಆರೋಗ್ಯ ಕಾರ್ಡಿನ ಆಧಾರ್ ದೃಢೀಕರಣದಲ್ಲೂ ಅದೇ ಹೆಬ್ಬೆಟ್ಟು. ಅಷ್ಟೇ ಅಲ್ಲ, ಒಣಗಿ ಗಟ್ಟಿಯಾದ ಬೆರಳಿಗೆ ಟಚ್‌ಸ್ಕ್ರೀನ್ ಕೂಡ ಸರಿಯಾಗಿ ಸ್ಪಂದಿಸುವುದಿಲ್ಲ. ಆ ಪರದೆ ಬೆರಳಿನ ಮೂಲಕ ಹಾಯುವ ಸೂಕ್ಷ್ಮ ವಿದ್ಯುತ್ತಿನ ವ್ಯತ್ಯಾಸವನ್ನು ಗ್ರಹಿಸಿ ಕೆಲಸ ಮಾಡುತ್ತದೆ. ಚರ್ಮ ಒಣಗಿದ್ದರೆ ಆ ಸಂಕೇತ ದುರ್ಬಲ. ಮುಟ್ಟಿದರೆ ಆಗಲಿಲ್ಲವೆಂದು ಅಜ್ಜ ಗಟ್ಟಿಯಾಗಿ ಒತ್ತಿ ಹಿಡಿಯುತ್ತಾನೆ. ಒತ್ತಿ ಹಿಡಿದರೆ ಫೋನಿಗೆ ಅದು ಬೇರೆಯೇ ಆಜ್ಞೆ, ಇನ್ನೇನೋ ತೆರೆದುಕೊಳ್ಳುತ್ತದೆ. ಮೊಮ್ಮಗ 'ನಿನಗ ತಿಳಿಯೂದಿಲ್ಲ ಬಿಡೊ ಅಜ್ಜಾ' ಎಂದು ಫೋನು ಕಸಿದುಕೊಳ್ಳುತ್ತಾನೆ. ತಿಳಿಯದೆ ಇದ್ದದ್ದು ಪರದೆಗೆ, ಅಜ್ಜನಿಗಲ್ಲ.

ಬೀಳಗಿ ಕಡೆ ಇನ್ನೊಂದು ಬಗೆಯ ತೊಡಕು. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದವರಿದ್ದಾರೆ. ಹಳೆಯ ಓಣಿ ಚದುರಿತು. ದಾಖಲೆಯಲ್ಲಿ ಒಂದು ಊರು, ಬದುಕು ಇನ್ನೊಂದು ಊರಲ್ಲಿ. ಫೋನು ಬಾರದ ಹಿರಿಯರಿಗೆ ಆಸರೆ ಆಗಿದ್ದುದು ನೆರೆಮನೆಯ ಓದಿದ ಹುಡುಗಿ, ಕಟ್ಟೆಯ ಮೇಲಿನ ಮಾಸ್ತರು. ಆ ನೆರೆ ಮತ್ತೆ ಕಟ್ಟಿಕೊಳ್ಳಲು ವರ್ಷಗಳು ಬೇಕು.

ಈಗ ತಂತ್ರಜ್ಞಾನದ ಕಡೆ ಬರೋಣ. ದೂರದಿಂದಲೇ ವೈದ್ಯರ ಸಲಹೆ ಕೊಡಿಸುವುದು ಕರ್ನಾಟಕಕ್ಕೆ ಹೊಸದೇನಲ್ಲ. ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದು 2002ರ ಹೊತ್ತಿಗೆ. ಆಗ ರೋಗಿಯ ಕೈಗೆ ಯಾರೂ ಯಂತ್ರ ಕೊಡಲಿಲ್ಲ. ಇತ್ತ ಒಬ್ಬ ವೈದ್ಯರು, ಅತ್ತ ಒಬ್ಬ ತಜ್ಞರು, ನಡುವೆ ರೋಗಿ. ಇವತ್ತಿನ ಇ-ಸಂಜೀವಿನಿಯ ಒಂದು ರೂಪವೂ ಹೀಗೇ ಇದೆ. 2019ರಲ್ಲಿ ಶುರುವಾದ ಈ ಸೇವೆಯಲ್ಲಿ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ದೂರದ ವೈದ್ಯರಿಗೆ ವಿಡಿಯೊ ಕರೆ ಮಾಡುತ್ತಾರೆ. ಇನ್ನೊಂದು ರೂಪ, ಮನೆಯಿಂದಲೇ ನೇರ ಕರೆ ಮಾಡುವುದು, 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಹೊತ್ತಿಗೆ ಬಂತು. 2023ರ ಫೆಬ್ರುವರಿಗೆ ಇ-ಸಂಜೀವಿನಿಯಲ್ಲಿ ದೇಶದಾದ್ಯಂತ 10 ಕೋಟಿ ಸಮಾಲೋಚನೆಗಳು ಮುಗಿದಿದ್ದವು. ಅವುಗಳಲ್ಲಿ ಬಹುಪಾಲು ಮೊದಲ ರೂಪದವು, ಅಂದರೆ ಆರೋಗ್ಯ ಸಿಬ್ಬಂದಿ ಪಕ್ಕದಲ್ಲಿ ಕೂತು ಮಾಡಿಸಿದವು. ಜನ ತಮಗೆ ಯಾವುದು ಒಗ್ಗುತ್ತದೆ ಎಂಬುದನ್ನು ತಾವೇ ಹೇಳಿಬಿಟ್ಟಿದ್ದಾರೆ.

ಹೃದಯದ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ತೆಗೆದು ಜಯದೇವ ಸಂಸ್ಥೆಯಂಥ ಕೇಂದ್ರಕ್ಕೆ ಕಳಿಸುತ್ತಾರೆ. ಹೃದಯಾಘಾತವೇ ಎಂದು ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೌದಾದರೆ ಟೆನೆಕ್ಟೆಪ್ಲೇಸ್ ಎಂಬ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಇದಕ್ಕಿಂತ ಡಿಜಿಟಲ್ ಇನ್ನೇನು ಬೇಕು? ಆದರೆ ಎಪ್ಪತ್ತೈದರ ಅಜ್ಜ ಒಂದು ಪರದೆಯನ್ನೂ ಮುಟ್ಟಬೇಕಿಲ್ಲ, ಮಂಚದ ಮೇಲೆ ಮಲಗಿದರೆ ಸಾಕು.

ಇಂಥದೇ ಇನ್ನೊಂದು ಪಾಠ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿದೆ. ಐಸಿಎಂಆರ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸರ್ಕಾರಗಳು ಸೇರಿ 2017ರ ನವೆಂಬರ್‌ನಲ್ಲಿ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಇದನ್ನು ಶುರು ಮಾಡಿದವು. ಮುಂದೆ ಕರ್ನಾಟಕವೂ ಸೇರಿತು. ಇದಕ್ಕಾಗಿ 'ಸಿಂಪಲ್' ಎಂಬ ಆ್ಯಪ್ ರೂಪುಗೊಂಡಿದ್ದು ಬೆಂಗಳೂರಿನಲ್ಲಿ. ಅದನ್ನು ಬಳಸುವವರು ನರ್ಸ್‌ಗಳು. ರೋಗಿಯ ಕೈಗೆ ಸಿಗುವುದು ಒಂದು ರಟ್ಟಿನ ಕಾರ್ಡು, ಬಿಪಿ ಪಾಸ್‌ಪೋರ್ಟು. ಮೇಲೊಂದು ಕ್ಯೂಆರ್ ಕೋಡ್. ಬಂದಾಗ ನರ್ಸ್ ಅದನ್ನು ಸ್ಕ್ಯಾನ್ ಮಾಡಿದರೆ ಹಿಂದಿನ ಬಿಪಿ, ಕೊಟ್ಟ ಗುಳಿಗೆ ಎಲ್ಲ ಕಾಣುತ್ತದೆ. ಹೊಸ ಅಂಕಿ ಬರೆಯಲು ಕೆಲವೇ ಸೆಕೆಂಡು ಸಾಕು. ಗುಳಿಗೆ ತೀರಿದರೂ ಬಾರದವರ ಪಟ್ಟಿ ಆ್ಯಪ್‌ನಲ್ಲೇ ಸಿಗುತ್ತದೆ, ಸಿಬ್ಬಂದಿ ಫೋನ್ ಮಾಡಿ ಕರೆಯುತ್ತಾರೆ. ರೋಗಿಗೆ ಸ್ಮಾರ್ಟ್‌ಫೋನು ಬೇಡ, ಓಟಿಪಿ ಬೇಡ. ಸೀರೆಯ ಸೆರಗಿನ ಗಂಟಿನಲ್ಲಿ, ಜುಬ್ಬಾದ ಕಿಸೆಯಲ್ಲಿ ಕೂರುವ ಕಾರ್ಡು. ಈ ಕಾರ್ಯಕ್ರಮಕ್ಕೆ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು.

ಕೋವಿಡ್ ಲಸಿಕೆಯ ಕೋವಿನ್ ಪೋರ್ಟಲ್‌ನ ನೆನಪೂ ಇಲ್ಲಿ ಬೇಕು. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾದಾಗ ಪೋರ್ಟಲ್ ಇಂಗ್ಲಿಷಿನಲ್ಲಿತ್ತು. ಕನ್ನಡ ಬಂದದ್ದು ಜೂನ್ ಹೊತ್ತಿಗೆ. ಆದರೂ ಹಳ್ಳಿಯ ಹಿರಿಯರಿಗೆ ಲಸಿಕೆ ಸಿಕ್ಕಿತು. ಕಾರಣ, ಅವರಿಗೆ ಸ್ಥಳದಲ್ಲೇ ನೋಂದಣಿಯ ಬಾಗಿಲು ತೆರೆದಿತ್ತು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಕರೆತಂದರು. 18ರಿಂದ 44ರವರಿಗೆ ಮಾತ್ರ ಆನ್‌ಲೈನ್ ಕಡ್ಡಾಯ ಮಾಡಿದ್ದಾಗ, ಡಿಜಿಟಲ್ ಸೌಲಭ್ಯ ಇಲ್ಲದವರ ಗತಿ ಏನು ಎಂದು ಸುಪ್ರೀಂ ಕೋರ್ಟ್ ಆ ವರ್ಷದ ಮೇ 31ರ ಆದೇಶದಲ್ಲಿ ಕೇಂದ್ರವನ್ನು ನೇರವಾಗಿ ಕೇಳಿತು.

ಹಾಗಾದರೆ ಆ್ಯಪ್‌ಗಳೇ ಬೇಡವೇ? ಬೇಕು. 65ರ ನಿವೃತ್ತ ಮಾಸ್ತರು, ವಾಟ್ಸ್‌ಆ್ಯಪಿನಲ್ಲಿ ಮೊಮ್ಮಕ್ಕಳ ಫೋಟೊ ನೋಡುವ ಅಜ್ಜಿ ಇವರೆಲ್ಲ ಬಳಸಬಲ್ಲರು, ಬಳಸುತ್ತಾರೆ. ಅವರಿಗಾಗಿ ಮಾಡುವಾಗ ಕನ್ನಡದ ಕಷ್ಟ ಗೊತ್ತಿರಬೇಕು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಚಿಕ್ಕದಾಗಿ ಕೂರುತ್ತದೆ. ಇಂಗ್ಲಿಷಿನಲ್ಲಿ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. 'ಶಸ್ತ್ರಚಿಕಿತ್ಸೆ' ಎಂಬುದರ ಒತ್ತುಗಳು ಪೊರೆ ಬಂದ ಕಣ್ಣಿಗೆ ಚುಕ್ಕೆಯಷ್ಟೇ. ಫೋನಿನ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಉದ್ದನೆಯ ಕನ್ನಡ ಪದ ಗುಂಡಿಯೊಳಗೆ ಹಿಡಿಯದೆ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುವುದರಿಂದ ತಿಳಿಬೂದು ಅಕ್ಷರ, ಎಳೆನೀಲಿ ಗೆರೆ ಇವೆಲ್ಲ ಕರಗಿಹೋಗುತ್ತವೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ಅಂತರ ಇರಬೇಕು, ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ಪುಟ ಕೆಡಬಾರದು, ಸಮಯದ ಗಡುವಿದ್ದರೆ ಅದನ್ನು ಹೆಚ್ಚಿಸಿಕೊಳ್ಳಲು ಅವಕಾಶ ಇರಬೇಕು ಎಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡ ಎಂದೋ ಹೇಳಿದೆ. ಹೇಳಿದ್ದನ್ನು ಪಾಲಿಸಬೇಕಷ್ಟೇ.

ಓದಲಾರದವರಿಗೆ ಮಾತಿನ ದಾರಿ ಇದೆ. ಆಡಿದ್ದನ್ನು ಅಕ್ಷರಕ್ಕಿಳಿಸುವ, ಅನುವಾದಿಸುವ ಕೇಂದ್ರ ಸರ್ಕಾರದ 'ಭಾಷಿಣಿ' ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆ ಜಿಲ್ಲೆ ಜಿಲ್ಲೆಯ ಆಡುಮಾತಿನ ಧ್ವನಿ ಸಂಗ್ರಹಿಸುತ್ತಿದೆ. "ಎದಿ ಹಿಡದಂಗ ಆಗತೈತ್ರಿ, ಉಸಿರು ಸಾಲಂಗಿಲ್ಲ" ಎಂದು ಹಲ್ಲಿಲ್ಲದ ಬಾಯಲ್ಲಿ ಬನಹಟ್ಟಿಯ ಅಜ್ಜಿ ಹೇಳಿದ್ದು ಯಂತ್ರಕ್ಕೆ ತಿಳಿಯುವ ದಿನ ಬಂದರೆ ದೊಡ್ಡ ಉಪಕಾರ. ಧ್ವನಿ ಸಂಗ್ರಹಿಸುವವರು ಕಾಲೇಜು ಹುಡುಗರಿಂದ ಓದಿಸಿ ಮುಗಿಸಬಾರದು, ಅಷ್ಟೇ.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವುದು ನೆರವಿಗೆ ಬರುವವರ ವಿಷಯ. ಹಿರಿಯರ ಪರವಾಗಿ ಯಾರೋ ಒಬ್ಬರು ಫೋನು ಹಿಡಿಯುತ್ತಾರೆ ಎಂಬುದು ಇಲ್ಲಿನ ನಿತ್ಯದ ಸತ್ಯ. ಅದನ್ನು ಒಪ್ಪಿಕೊಂಡು ವ್ಯವಸ್ಥೆ ಕಟ್ಟಿದರೆ ಎಷ್ಟೋ ಗೋಜಲು ಬಗೆಹರಿಯುತ್ತದೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಇದನ್ನು ಒಪ್ಪಿದೆ: ರೋಗಿ ಒಪ್ಪಿಗೆ ಕೊಟ್ಟ ಮನೆಯವರು ಅಥವಾ ಆರೈಕೆ ಮಾಡುವವರು ಅವರ ಪರವಾಗಿ ವೈದ್ಯರೊಂದಿಗೆ ಮಾತಾಡಬಹುದು, ಆರೋಗ್ಯ ಕಾರ್ಯಕರ್ತರೂ ನಡುವೆ ನಿಲ್ಲಬಹುದು. ಆದರೆ ನೋಂದಣಿಯ ಪೋರ್ಟಲ್‌ಗಳಲ್ಲಿ ಈ ಉದಾರತೆ ಇಲ್ಲ. ಅಲ್ಲಿ ನೆರವಿಗೆ ಬಂದವರು ಹಿರಿಯರ ಹೆಸರಿನಲ್ಲಿ ತಾವೇ ಹಿರಿಯರಾಗಿ ಒತ್ತಬೇಕು. 'ನಾನು ಒಪ್ಪಿದ್ದೇನೆ' ಎಂಬ ಚೌಕಕ್ಕೆ ಟಿಕ್ ಹಾಕುವುದು ಸೇವಾ ಕೇಂದ್ರದ ಹುಡುಗ. ಏನನ್ನು ಒಪ್ಪಿದ್ದು ಎಂದು ಯಾರೂ ಅಜ್ಜಿಗೆ ಹೇಳಿರುವುದಿಲ್ಲ.

ಇನ್ನೊಂದು ವಿಪರ್ಯಾಸ. ಓಟಿಪಿ ಯಾರಿಗೂ ಹೇಳಬೇಡಿ, ಬ್ಯಾಂಕಿನವರು ಕೇಳಿದರೂ ಹೇಳಬೇಡಿ ಎಂದು ವರ್ಷಗಟ್ಟಲೆ ಹಿರಿಯರಿಗೆ ಬುದ್ಧಿ ಹೇಳಿದವರು ನಾವು. ಮೋಸ ಹೋದರೆ 1930ಕ್ಕೆ ಕರೆ ಮಾಡಿ ಎಂದೆವು. ಈಗ ಆರೋಗ್ಯ ಸೇವೆಯ ಕೌಂಟರಿನಲ್ಲಿ ಅವರನ್ನೇ 'ಅಜ್ಜಾರ, ಓಟಿಪಿ ಹೇಳ್ರಿ ಲಗೂನ' ಎನ್ನುತ್ತೇವೆ. ಅಜ್ಜ ಹಿಂದೆ ಮುಂದೆ ನೋಡಿದರೆ ಸಾಲಿನಲ್ಲಿ ನಿಂತವರಿಗೆ ಸಿಟ್ಟು. ಹಿಂಜರಿದ ಅಜ್ಜನೇ ಅಲ್ಲಿ ಸರಿಯಾಗಿ ಪಾಠ ಕಲಿತ ವಿದ್ಯಾರ್ಥಿ.

ಓಟಿಪಿ ಆಗದಿದ್ದರೆ ಬೆರಳು, ಬೆರಳು ಆಗದಿದ್ದರೆ ಕಣ್ಣಿನ ಪಾಪೆ ಅಥವಾ ಮುಖ ಎಂದು ಬೇರೆ ದಾರಿಗಳಿವೆ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಯುಷ್ಮಾನ್ ವಯ ವಂದನ ಕಾರ್ಡನ್ನು ಕೇಂದ್ರ 2024ರ ಅಕ್ಟೋಬರ್ 29ರಂದು ಜಾರಿಗೆ ತಂದಾಗಲೂ ನೋಂದಣಿಗೆ ಆಧಾರ್ ಇ-ಕೆವೈಸಿಯೇ ಆಧಾರವಾಯಿತು. ಮುಖದ ದೃಢೀಕರಣಕ್ಕೆ ಕ್ಯಾಮೆರಾ ಎದುರು ಕಣ್ಣು ಮಿಟುಕಿಸಬೇಕು. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಮಿಟುಕಿಸುವುದು ಹೇಗೆ ಎಂದು ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿ, 2025ರ ಏಪ್ರಿಲ್ 30ರಂದು ಕೋರ್ಟು 20 ನಿರ್ದೇಶನ ಕೊಟ್ಟು, ಡಿಜಿಟಲ್ ಸೇವೆಯ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಆ ತೀರ್ಪಿನ ನೆರಳು ಕೈ ನಡುಗುವ, ಕಣ್ಣು ಮಂಜಾದ ಹಿರಿಯರಿಗೂ ಸಿಗಬೇಕು.

ಗಡಿ ದಾಟುವ ಚಿಕಿತ್ಸೆಯ ಮಾತಿಲ್ಲದೆ ಈ ಭಾಗದ ಆರೋಗ್ಯದ ಕಥೆ ಪೂರ್ತಿಯಾಗದು. ಜಮಖಂಡಿ, ರಬಕವಿ, ತೇರದಾಳದವರಿಗೆ ದೊಡ್ಡ ದವಾಖಾನೆ ಎಂದರೆ ಮೊದಲು ನೆನಪಾಗುವುದು ಮಹಾರಾಷ್ಟ್ರದ ಮಿರಜ್. 1894ರಲ್ಲಿ ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ಕಟ್ಟಿದ ಕಾಲದಿಂದ ಹಿಡಿದು ಈ ಓಡಾಟ ನಡೆದಿದೆ. ಬಟ್ಟೆ ಅಂಗಡಿಯ ಕೈಚೀಲದಲ್ಲಿ ಎಕ್ಸ್-ರೇ, ರಿಪೋರ್ಟು, ಹಳೆಯ ಚೀಟಿ ತುಂಬಿಕೊಂಡು ಬಸ್ಸು ಹತ್ತುತ್ತಾರೆ. ಚೀಲ ಮರೆತರೆ ಎಲ್ಲ ತಪಾಸಣೆ ಹೊಸದಾಗಿ. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನಿಜಕ್ಕೂ ಉಪಕಾರಕ್ಕೆ ಬರಬಹುದಾದುದು ಇಲ್ಲೇ. ಅದರ 14 ಅಂಕಿಯ 'ಆಭಾ' ಸಂಖ್ಯೆ ಇದ್ದರೆ ದಾಖಲೆಗಳು ಆಯಾ ಆಸ್ಪತ್ರೆಯಲ್ಲೇ ಇರುತ್ತವೆ; ರೋಗಿ ಒಪ್ಪಿದರೆ ಮಿರಜದ ದಾಖಲೆಯನ್ನು ಜಮಖಂಡಿಯ ವೈದ್ಯರು ನೋಡಬಹುದು. ಎರಡೂ ಕಡೆಯ ಆಸ್ಪತ್ರೆ ಈ ಜಾಲಕ್ಕೆ ಸೇರಿರಬೇಕು ಎಂಬುದು ಒಂದು ಷರತ್ತು. ಒಪ್ಪಿಗೆಯ ಕೋರಿಕೆ ಬರುವುದು ಮೊಬೈಲಿಗೆ ಎಂಬುದು ಇನ್ನೊಂದು. ಯಾರ ಮೊಬೈಲಿಗೆ? ಮತ್ತೆ ಪುಣೆಗೇ.

ಸರ್ಕಾರ ಮಾಡಬೇಕಾದ್ದನ್ನು ಮಾಡಲಿ: ಕೌಂಟರಿನಲ್ಲಿ ಫೋನಿಲ್ಲದ ಹಿರಿಯರಿಗೆ ಬೇರೆ ಸಾಲು, ಆಶಾ ಕಾರ್ಯಕರ್ತೆಯ ಫೋನಿಗೆ ಡೇಟಾ ಹಾಗೂ ಆಕೆಯ ಈ ಕೆಲಸಕ್ಕೆ ಸರಿಯಾದ ಸಂಭಾವನೆ, ನೆರವಿಗೆ ಬಂದವರ ಹೆಸರು ಬರೆಯಲು ಅರ್ಜಿಯಲ್ಲೇ ಜಾಗ. ಮನೆಯವರು ಅಷ್ಟರವರೆಗೆ ಕಾಯಬೇಕಿಲ್ಲ. ಅವ್ವ-ಅಪ್ಪನ ಆಧಾರ್‌ಗೆ ಊರಲ್ಲೇ ಇರುವವರ ನಂಬರ್ ಜೋಡಿಸಿ. ನುಂಗುವ ಗುಳಿಗೆಗಳ ಹೆಸರು, ಹೊತ್ತು, ಅಲರ್ಜಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಆಧಾರ್ ಜೊತೆ ಇಡಿ. ಕೀಪ್ಯಾಡ್ ಫೋನಿದ್ದರೆ ಅದರಲ್ಲಿ ಆಂಬುಲೆನ್ಸ್‌ನ 108, ಆರೋಗ್ಯ ಸಲಹೆಯ 104, ಹಿರಿಯ ನಾಗರಿಕರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿಮನಸ್ 14416 ಇಷ್ಟನ್ನೂ ಹಾಕಿಕೊಡಿ. ಆಭಾ ಸಂಖ್ಯೆ ಇಲ್ಲ ಎಂದು ಯಾರಾದರೂ ಅವರನ್ನು ಕೌಂಟರಿನಿಂದ ಹಿಂದಕ್ಕೆ ಕಳಿಸಿದರೆ ಜೊತೆಗೆ ಹೋಗಿ ಕೇಳಿ. ಆಭಾ ಮಾಡಿಸುವುದು ಐಚ್ಛಿಕ, ಚಿಕಿತ್ಸೆ ಪಡೆಯಲು ಅದು ಕಡ್ಡಾಯವಲ್ಲ.